ವಿಮಾನಕ್ಕೆ ಇಟ್ಟ ಬೊಟ್ಟು

ಹಿಂದೂಪುರದ ಮುದಿರೆಡ್ಡಿಪಲ್ಲಿಗೆ ಹೋಗಿ ಆದಿನಾರಾಯಣನ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ನೆಟ್ಟಗೆ ದಾರಿ ತೋರಿಸುವುದಿಲ್ಲ. "ಇಮಾನ ರಿಪೇರಿಯೋರ ಮನೇನಾ?" ಎಂದು ಮೊದಲು ಒಂದು ನಗೆ ನಗುತ್ತಾರೆ, ಆಮೇಲೆ ಕೈ ತೋರಿಸುತ್ತಾರೆ. ಆ ನಗೆ ಕಂಡರೆ ಆದಿನಾರಾಯಣನಿಗೆ ಮೈಯೆಲ್ಲ ಉರಿಯುತ್ತದೆ. ಅದಕ್ಕಿಂತ ಹೆಚ್ಚಿಗೆ ಉರಿಸುವುದು ಭಾನುವಾರ ಬೆಳಗಾದರೆ ಬಾಗಿಲ ಮುಂದೆ ಬಂದು ಕೂರುವ ಮಿಕ್ಸಿಗಳು.

"ವಿಮಾನಾನೇ ರಿಪೇರಿ ಮಾಡೋರು, ಇದೇನು ಮಹಾ ಸಾರ್ ನಿಮ್ಗೆ?" ಎನ್ನುತ್ತಾರೆ ತಂದವರು.

"ನಿನ್ನ ಮಿಕ್ಸಿ ಕೆಟ್ರೆ ಮನೇಲಿ ಚಟ್ನಿ ನಿಲ್ತದೆ ಕಣಮ್ಮ. ನನ್ನ ಕೆಲಸ ಕೆಟ್ರೆ ಏನು ನಿಲ್ತದೆ ಗೊತ್ತಾ? ಎರಡನ್ನೂ ಒಂದೇ ತಕ್ಕಡೀಲಿ ಇಡ್ತೀಯಾ?" ಎಂದು ಅವನು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡುತ್ತಾನೆ. ಕೂಗಾಡುತ್ತಲೇ ಮಿಕ್ಸಿಯ ತಳ ಬಿಚ್ಚುತ್ತಾನೆ. ಬಿಚ್ಚಿದ ತಿರುಪುಗಳನ್ನು ಒಂದು ತಟ್ಟೆಯಲ್ಲಿ ಸಾಲಾಗಿ ಜೋಡಿಸಿ, ಯಾವುದು ಎಲ್ಲಿಂದ ಬಂತೋ ಅಲ್ಲಿಗೇ ಹಾಕಿ, ತಟ್ಟೆ ಬರಿದಾಗಿದೆಯೇ ಎಂದು ನೋಡಿಯೇ ಏಳುತ್ತಾನೆ. "ಬೈದ್ಕೊಂಡೇ ಮಾಡ್ಕೊಡ್ತೀರಲ್ಲ, ಆ ಬೈಗುಳಾನಾದ್ರೂ ಮಿಗಿಸ್ಬಾರ್ದಾ?" ಎಂದು ಹೆಂಡತಿ ಭ್ರಮರಾಂಬ ಒಳಗಿನಿಂದ ಚುಚ್ಚುತ್ತಾಳೆ.

ಅವನದು ನೇಯ್ಗೆಯವರ ಮನೆ. ತಾಯಿ ಶಿವಲಕ್ಷ್ಮಮ್ಮ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತರೆ ಹೊತ್ತು ಮುಳುಗುವವರೆಗೂ ಏಳುತ್ತಿರಲಿಲ್ಲ. ಕಂಡಿಕೆಗೆ ನೂಲು ಸುತ್ತುವುದು ಮಕ್ಕಳ ಪಾಲಿನ ಕೆಲಸ. ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ನೂಲು ಕಡಿಯಿತು ಎಂದು ಕೂಗಿ ಹೇಳಿದ ಮಗುವಿಗೆ ಏಟಿಲ್ಲ. ಎಷ್ಟು ಸಲ ಕಡಿದರೂ ಇಲ್ಲ. ಕಡಿದದ್ದನ್ನು ಎಂಜಲು ಹಚ್ಚಿ ಹೊಸೆದು, ಸದ್ದಿಲ್ಲದೆ ಸುತ್ತಿ ಕೊಟ್ಟ ಮಗುವಿಗೆ ಮಾತ್ರ ಬೆನ್ನು ಮುರಿಯುವ ಹಾಗೆ ಬೀಳುತ್ತಿತ್ತು. ಹೊಸೆದ ಎಳೆ ಮಗ್ಗದಲ್ಲಿ ಗೊತ್ತಾಗುವುದಿಲ್ಲ. ಸೀರೆ ಉಟ್ಟವಳ ಮೈಮೇಲೆ, ನಾಲ್ಕು ಜನರ ನಡುವೆ ಬಿಟ್ಟುಕೊಳ್ಳುತ್ತದೆ.

ಅವನು ಐಟಿಐ ಓದಿ, ಬೆಂಗಳೂರಿನ ಒಂದು ವಿಮಾನ ರಿಪೇರಿ ಶೆಡ್ಡಿಗೆ ಸಹಾಯಕನಾಗಿ ಸೇರಿದ. ಶೆಡ್ಡಿಗೆ ಅಲ್ಲಿ ಹ್ಯಾಂಗರ್ ಎನ್ನುತ್ತಾರೆ. ಒಬ್ಬೊಬ್ಬರ ಕೈಕೆಳಗೂ ದುಡಿದು, ಕೆಲಸ ಮುಗಿಸಿ ಬಂದು ಇಂಗ್ಲಿಷಿನ ದಪ್ಪ ಪುಸ್ತಕಗಳನ್ನು ನಿಘಂಟು ಇಟ್ಟುಕೊಂಡು ಓದಿ, ಬಿದ್ದೂ ಎದ್ದೂ ಪರೀಕ್ಷೆಗಳನ್ನು ಮುಗಿಸಿ, 'ಈ ವಿಮಾನ ಹಾರಲು ಯೋಗ್ಯ' ಎಂದು ಸಹಿ ಹಾಕುವ ಲೈಸೆನ್ಸ್ ಗಳಿಸಿದ. ಕೆಲಸ ಕಲಿಯಲು ಬಂದವರಿಗೆ ಅವನು ಹೇಳುತ್ತಿದ್ದ ಬುದ್ಧಿಮಾತುಗಳು ಬಹಳ ಇರಲಿಲ್ಲ. ಬಿಚ್ಚಿದ್ದನ್ನು ಅರ್ಧಕ್ಕೆ ಬಿಟ್ಟು ಫೋನಿಗೆ ಓಗೊಡಬೇಡಿ. ಹಸಿದ ಹೊಟ್ಟೆಯಲ್ಲಿ ಸಹಿ ಹಾಕಬೇಡಿ, ಹಸಿವು ಅವಸರ ಮಾಡಿಸುತ್ತದೆ. ನೀವು ಮಾಡಿದ ಕೆಲಸವನ್ನು ಇನ್ನೊಬ್ಬನ ಕಣ್ಣಿಗೆ ತೋರಿಸಿ, ನಿಮ್ಮ ಕಣ್ಣು ನಿಮ್ಮ ಕಡೆಗೇ ವಾಲುತ್ತದೆ.

ಚೆನ್ನಕೇಶವನ ಕಥೆಯನ್ನಂತೂ ಬಂದವರಿಗೆಲ್ಲ ಹೇಳುತ್ತಿದ್ದ. ಚೆನ್ನಕೇಶವ ಅದೇ ಹ್ಯಾಂಗರಿನ ಮೆಕ್ಯಾನಿಕ್. ಒಂದು ಸಲ ದೊಡ್ಡ ವಿಮಾನವೊಂದರ ರೆಕ್ಕೆಯೊಳಗೆ ಕೆಲಸ ಮಾಡಿ, ಮುಚ್ಚಳ ಹಾಕಿ ಕ್ಯಾಂಟೀನಿಗೆ ಹೋದ. ಜೇಬು ಮುಟ್ಟಿ ನೋಡಿಕೊಂಡರೆ ಟಾರ್ಚಿಲ್ಲ. ಅಷ್ಟರಲ್ಲಿ ವಿಮಾನವನ್ನು ಟ್ರಾಕ್ಟರಿಗೆ ಕಟ್ಟಿ ಹೊರಗೆ ಎಳೆದಿದ್ದರು. ಅವನು ಎಂಜಲು ಕೈಯಲ್ಲೇ ಓಡಿ, ಟ್ರಾಕ್ಟರಿಗೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಂತುಬಿಟ್ಟ. ಮುಚ್ಚಳ ತೆಗೆದರೆ, ರೆಕ್ಕೆಯ ತುದಿಯನ್ನು ಆಡಿಸುವ ತಂತಿಗಳ ಪಕ್ಕದಲ್ಲೇ ಟಾರ್ಚು ಆರಾಮಾಗಿ ಮಲಗಿತ್ತು. ಫೋರ್‌ಮನ್ ಬಂದ. ಅವನು ಚೆನ್ನಕೇಶವನ ಹೆಗಲ ಮೇಲೆ ಕೈ ಹಾಕಿ, "ಅರ್ಧಕ್ಕೆ ಬಿಟ್ಟು ಬಂದ ತಿಂಡಿ ಮುಗಿಸು ನಡಿ" ಎಂದು ಕ್ಯಾಂಟೀನಿಗೆ ಕರೆದುಕೊಂಡು ಹೋದ. ಒಂದು ಬೈಗುಳವಿಲ್ಲ. ಆದಿನಾರಾಯಣನಿಗೆ ಆವತ್ತು ತಾಯಿಯ ಮಗ್ಗ ಕಣ್ಣ ಮುಂದೆ ಬಂತು.

ನಿವೃತ್ತಿಯಾಗಿ ಊರು ಸೇರಿದವನನ್ನು ಹುಡುಕಿಕೊಂಡು ಬಂದದ್ದು ಕಲ್ಯಾಣದುರ್ಗದಾಚೆಯ ಒಂದು ವಿಮಾನ ತರಬೇತಿ ಶಾಲೆ. ಕಂಬದೂರಿನ ದಾರಿಯಲ್ಲಿ ಕಡಲೆಕಾಯಿ ಹೊಲಗಳ ನಡುವೆ ಒಂದು ರನ್‌ವೇ, ಒಂದು ತಗಡಿನ ಹ್ಯಾಂಗರ್, ಇಬ್ಬರಷ್ಟೇ ಕೂರುವ ಎರಡು ಪುಟ್ಟ ವಿಮಾನ. ವಾರವಿಡೀ ಕಲ್ಯಾಣದುರ್ಗದಲ್ಲಿ ಒಂದು ಕೋಣೆ, ಶನಿವಾರ ಸಂಜೆ ಹಿಂದೂಪುರದ ಬಸ್ಸು. ಅಲ್ಲಿಗೆ ಹೋದವನು ಮೊದಲು ಮಾಡಿದ ಕೆಲಸವೆಂದರೆ ಗೋಡೆಗೆ ಒಂದು ಹಲಗೆ ಹೊಡೆಸಿದ್ದು. ಅದರ ಮೇಲೆ ಪ್ರತಿಯೊಂದು ಉಪಕರಣದ ಆಕಾರವನ್ನೂ ಕಪ್ಪು ಬಣ್ಣದಲ್ಲಿ ಬರೆಸಿದ. ಸ್ಪ್ಯಾನರಿನ ನೆರಳಿನ ಮೇಲೆ ಸ್ಪ್ಯಾನರು, ಇಕ್ಕಳದ ನೆರಳಿನ ಮೇಲೆ ಇಕ್ಕಳ. ತೆಗೆದುಕೊಂಡವರು ಆ ಜಾಗದಲ್ಲಿ ತಮ್ಮ ಹೆಸರಿನ ಹಿತ್ತಾಳೆ ಬಿಲ್ಲೆ ನೇತುಹಾಕಬೇಕು. ಸಂಜೆ ಒಂದು ನೆರಳು ಬರಿದಾಗಿ ಕಂಡರೂ ವಿಮಾನ ಕದಲುವ ಹಾಗಿಲ್ಲ. ಹಲಗೆಯ ಕೊನೆಯಲ್ಲಿ ಕಸಪೊರಕೆಯ ಆಕಾರವನ್ನೂ ಬರೆಸಿ, ಕಸ ಗುಡಿಸುವ ಎರ್ರಮ್ಮನಿಗೂ ಒಂದು ಬಿಲ್ಲೆ ಕೊಟ್ಟಾಗ ಮ್ಯಾನೇಜರ್ ಆನಂದಕುಮಾರ್ ಬಿದ್ದು ಬಿದ್ದು ನಕ್ಕಿದ್ದ.

"ಪೊರಕೆಗೂ ಲೈಸೆನ್ಸಾ ಸಾರ್?"

"ಒಂದು ಪೊರಕೆ ಕಡ್ಡಿ ಎಂಜಿನ್ ಒಳಗೆ ಹೋದ್ರೆ ಆವಾಗ ನಗ್ರಿ. ನಾನೂ ನಗ್ತೀನಿ."

ಎರ್ರಮ್ಮ ಕಂಬದೂರಿನವಳು. ಗಂಡ ಕುರಿ ಮೇಯಿಸುವವನು. ಅವಳು ನಗಲಿಲ್ಲ. ಬಿಲ್ಲೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಆವತ್ತು ಆದಿನಾರಾಯಣ ಎಲ್ಲರನ್ನೂ ನಿಲ್ಲಿಸಿ ಹೇಳಿದ: "ಇಲ್ಲಿ ತಪ್ಪು ಮಾಡಿ ಬಂದು ಹೇಳಿದೋರಿಗೆ ಬೈಗುಳ ಇಲ್ಲ, ಶಿಕ್ಷೆ ಇಲ್ಲ. ಇದು ನನ್ನ ಮಾತು. ಮುಚ್ಚಿಟ್ಟೋರನ್ನ ಮಾತ್ರ ಬಿಡಾಕಿಲ್ಲ."

ಈ ಮಾತಿಗೆ ಪರೀಕ್ಷೆ ಬಂದದ್ದು ಈ ಸಲದ ಆಯುಧಪೂಜೆಯಲ್ಲಿ.

ಪೂಜೆಯ ದಿನ ಅವನು ಊರಿಗೆ ಹೋಗಲೇಬೇಕು, ಮನೆಯಲ್ಲಿ ಮಗ್ಗದ ಪೂಜೆ. ಹೊರಡುವ ಮುಂಚೆ ಆನಂದಕುಮಾರನ ಹೊಸ ಕಾರು ಹ್ಯಾಂಗರಿನೊಳಗೆ, ವಿಮಾನದ ಪಕ್ಕದಲ್ಲೇ ಬಂದು ನಿಂತದ್ದನ್ನು ಕಂಡು ಅವನ ಪಿತ್ತ ನೆತ್ತಿಗೇರಿತು.

"ವಾಹನಗಳು ಒಳಗೆ ಬರಬಾರದು ಅಂತ ಬಾಗಿಲ ಮೇಲೆ ಬರ್ಸಿರೋದು ಯಾರಿಗ್ರೀ?"

"ಇವತ್ತೊಂದಿನ ಸಾರ್, ಪ್ಲೀಸ್. ಕಾರೂ ವಾಹನಾನೇ, ವಿಮಾನಾನೂ ವಾಹನಾನೇ. ಒಂದೇ ಮಂಗಳಾರತೀಲಿ ಎರಡೂ ಅಯಿಪೋತುಂದಿ, ಮುಗಿದೋಗುತ್ತೆ."

"ಹಾಳಾಗಿ ಹೋಗ್ಲಿ. ವಿಮಾನಕ್ಕೆ ಬೊಟ್ಟು ಮುಂದಿನ ಮೂತಿ ಮೇಲೆ ಒಂದೇ ಕಡೆ. ಬೇರೆಲ್ಲೂ ಕೈ ಇಡಬಾರ್ದು. ಪೂಜೆ ಮಾಡೋ ಎರ್ರಮ್ಮನಿಗೆ ಇದನ್ನ ಹೇಳಿ, ಮರೀಬೇಡಿ."

"ಹೇಳ್ತೀನಿ ಸಾರ್, ನೀವು ನಿಶ್ಚಿಂತೆಯಾಗಿ ಹೋಗ್ಬನ್ನಿ."

ಆನಂದಕುಮಾರ್ ಹೇಳಿದ್ದು ಬೇರೆ. ಮಾರನೆಯ ದಿನ ವಿಜಯದಶಮಿ. ಮೀನಾ ಎಂಬ ವಿದ್ಯಾರ್ಥಿನಿ ಮೊದಲ ಸಲ ಒಬ್ಬಳೇ ವಿಮಾನ ಹಾರಿಸುವವಳಿದ್ದಳು. ಅವಳ ತಂದೆ ತಾಯಿ, ನೆಂಟರಿಷ್ಟರು ಬರುವವರು, ಫೋಟೋ ತೆಗೆಯುವವರು. ಹಾಗಾಗಿ ಅವನು ಎರ್ರಮ್ಮನಿಗೆ, "ಚೆನ್ನಾಗಿ ಎಲ್ಲಾ ಕಡೆ ಇಡಮ್ಮ, ಫೋಟೋದಲ್ಲಿ ಎದ್ದು ಕಾಣ್ಬೇಕು" ಎಂದ.

ವಿಜಯದಶಮಿಯ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದಿಳಿದ ಆದಿನಾರಾಯಣ ಹ್ಯಾಂಗರಿನ ಬಾಗಿಲು ತೆಗೆಯುವಷ್ಟರಲ್ಲಿ ಎರ್ರಮ್ಮ ಪೊರಕೆ ಹಿಡಿದು ಎದುರಿಗೆ ನಿಂತಿದ್ದಳು.

"ಸಾಮೀ, ಒಂದ್ ಮಾತೈತೆ. ನೆನ್ನೆ ಬೊಟ್ಟು ಇಕ್ಕೋವಾಗ, ಇಮಾನದ ಬಾಗ್ಲ ಪಕ್ಕ ಗುಂಡಗೆ ಒಂದ್ ಬಿಲ್ಲೆ ಐತಲ್ಲ, ಬೊಟ್ಟಿಗೇ ಅಂತ ಮಾಡ್ದಂಗಿತ್ತು. ಅದ್ಕೂ ಗಂಧ ಮೆತ್ತಿ ಕುಂಕುಮ ಇಕ್ಕಿಬುಟ್ಟೆ. ಇವತ್ತು ಒರ್ಸಕ್ಕೋದ್ರೆ ಅದ್ರಾಗೆ ಸಣ್ಣ ತೂತು ಕಾಣ್ತು. ಅದಾಗಿಂದ ಎದೆ ಡವಡವ ಅಂತಾ ಐತೆ."

ಆ ತೂತು ಹೊರಗಿನ ಗಾಳಿಯನ್ನು ಮೂಸಿ ನೋಡುವ ಮೂಗು. ಎಷ್ಟು ಎತ್ತರ, ಎಷ್ಟು ವೇಗ ಎಂಬುದು ಪೈಲಟ್ಟಿಗೆ ಗೊತ್ತಾಗುವುದು ಅದರಿಂದಲೇ. ಅದು ಮುಚ್ಚಿದರೆ ವಿಮಾನ ಮೋಡ ಮುಟ್ಟಿದರೂ ಮೀಟರು ನೆಲದಲ್ಲೇ ಇದ್ದೇನೆ ಎನ್ನುತ್ತದೆ.

ಅವನು ಬೈಯಲಿಲ್ಲ. "ಹೇಳಿದ್ದು ಒಳ್ಳೇದಾಯ್ತು ಕಣಮ್ಮ" ಎಂದ.

"ಇನ್ನೊಂದ್ ಕಡೇನೂ ತೋರುಸ್ತೀನಿ ಬನ್ನಿ ಸಾಮಿ."

"ಇರು, ಮೊದಲು ಇದನ್ನ ನೋಡ್ತೀನಿ. ಆಮೇಲೆ ತೋರಿಸುವಂತೆ" ಎಂದು ಅವನು ಮೆಕ್ಯಾನಿಕ್ ನಟರಾಜನನ್ನು ಕರೆದು, ಒಳಗೆ ನುಗ್ಗಿ ಮೀಟರುಗಳ ಹಿಂದೆ ಅಂಗಾತ ಮಲಗಿದ. ಗಂಧ ಒಣಗಿ, ತೂತಿನೊಳಗೆ ಗಾರೆಯಂತೆ ಹಿಡಿದಿತ್ತು.

ಹೊರಗೆ ಶಾಮಿಯಾನ ಎದ್ದಿತ್ತು. ಬಂದವರಿಗೆ ಕಾಫಿ ಹಂಚುತ್ತಿದ್ದ ಆನಂದಕುಮಾರ್ ಓಡಿಬಂದು ಕಿಟಕಿಯಲ್ಲಿ ತಲೆ ತೂರಿಸಿದ.

"ಏಮೈಂದಿ ಸಾರ್, ಏನಾಯ್ತು? ಎಲ್ಲಾ ಕಾಯ್ತಾ ಅವ್ರೆ. ಒಂದ್ಸಲ ಜೋರಾಗಿ ಊದ್ಬಿಡಿ, ಹೋಗುತ್ತೆ."

"ಊದಿದ್ರೆ ಗಂಧ ಅಲ್ಲ, ಒಳಗಿರೋ ಮೀಟರೇ ಕಿತ್ಕೊಂಡು ಹೋಗ್ತದೆ. ಪೈಪು ಬಿಚ್ಚಬೇಕು, ತೊಳೀಬೇಕು, ಮತ್ತೆ ಹಾಕಿ ಪರೀಕ್ಷೆ ಮಾಡ್ಬೇಕು. ಇವತ್ತು ಹಾರಾಟ ಇಲ್ಲ."

"ಇವತ್ತು ಇಲ್ವಾ? ವಿಜಯದಶಮಿ ಸಾರ್! ಬಂದಿರೋರಿಗೆ ನಾನು ಏನಂತ ಹೇಳ್ಲಿ?"

"ಗಂಧ ಮೆತ್ಕೊಂಡಿದೆ ಅಂತ ನಿಜಾನೇ ಹೇಳಿ."

ಆದಿನಾರಾಯಣ ಪೈಪು ಬಿಚ್ಚಿ, ತೊಳೆದು, ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಹೊತ್ತು ಏರಿತ್ತು. "ಎಲ್ಲಪ್ಪ ಎರ್ರಮ್ಮ? ಇನ್ನೊಂದು ಕಡೆ ತೋರಿಸ್ತೀನಿ ಅಂದಿದ್ಲು" ಎಂದ. ನಟರಾಜ ಮುಖ ತಿರುಗಿಸಿಕೊಂಡು ನಿಂತ. ಹಲಗೆಯ ಮೇಲೆ ಪೊರಕೆ ತನ್ನ ನೆರಳಿನ ಮೇಲೆ ನೆಟ್ಟಗೆ ತೂಗುತ್ತಿತ್ತು. ಬಿಲ್ಲೆ ಇರಲಿಲ್ಲ.

"ಮ್ಯಾನೇಜರ್ ಓಡ್ಸುಬುಟ್ರು ಸಾರ್. ಬಂದಿರೋರ ಎದುರ್ಗೇನೇ ಬಾಯಿಗೆ ಬಂದಂಗೆ ಬೈದ್ರು. ಕೆಲ್ಸದಿಂದ ತೆಗ್ದಿದೀನಿ, ಇನ್ನು ಇತ್ತಾಗೆ ಬಂದ್ರೆ ಪೋಲೀಸ್ನೋರ್ನ ಕರೀತೀನಿ ಅಂದ್ರು. ಅವ್ಳು ಪೊರಕೆ ತಗ್ಲಾಕಿ, ಬಿಲ್ಲೆ ತಗೊಂಡು, ಜೀಪು ಹತ್ತಿ ಹೋದ್ಲು."

ಆದಿನಾರಾಯಣ ಗ್ರೀಸು ಮೆತ್ತಿದ ಕೈಯಲ್ಲೇ ಶಾಮಿಯಾನದೊಳಗೆ ನಡೆದ.

"ಯಾಕ್ರೀ ಕಳಿಸಿದ್ರಿ ಆ ಹೆಣ್ಣುಮಗಳನ್ನ?"

"ವಿಮಾನ ಕೆಡ್ಸಿದ್ದಕ್ಕೆ ಸಾರ್. ಅವಳೇ ಒಪ್ಕೊಂಡಿದಾಳಲ್ಲ."

"ಕೆಡ್ಸಿದ್ದಕ್ಕಲ್ಲ, ಒಪ್ಕೊಂಡಿದ್ದಕ್ಕೆ ಕಳಿಸಿದ್ರಿ! ಬಾಯಿ ಮುಚ್ಕೊಂಡಿದ್ದಿದ್ರೆ ಈ ಹೊತ್ತಿಗೆ ಅವಳು ಇಲ್ಲೇ ಕಸ ಗುಡಿಸ್ತಾ ಇರ್ತಿದ್ಲು. ಮೇಲೆ ಹೋಗಿರ್ತಿದ್ದ ಮೀನಾ ಎಲ್ಲಿ ಇರ್ತಿದ್ಲು? ಹೇಳ್ರೀ, ಅವಳ ಅಪ್ಪ ಅಮ್ಮ ಇಲ್ಲೇ ಕೂತವ್ರೆ, ಅವರ ಮುಖ ನೋಡಿ ಹೇಳಿ!"

ಕಾಫಿ ಲೋಟ ಹಿಡಿದವರ ಕೈಗಳೆಲ್ಲ ನಿಂತವು.

"ಮೂತಿ ಮೇಲೆ ಒಂದೇ ಬೊಟ್ಟು ಅಂತ ನಾನು ನಿಮಗೆ ಹೇಳಿ ಹೋದೆ. ಎಲ್ಲಾ ಕಡೆ ಇಡು ಅಂದವರು ಯಾರು? ಎರ್ರಮ್ಮನಾ, ನೀವಾ?"

"ಸಾರ್, ಸ್ಟಾಫ್ ವಿಷಯ ಒಳಗೆ ಮಾತಾಡೋಣ..."

"ಅವಳನ್ನ ಒಳಗೆ ಕರೆದು ಬೈದ್ರಾ? ಇಲ್ಲೇ ಮಾತಾಡಿ!" ಎಂದವನೇ ಉತ್ತರಕ್ಕೆ ಕಾಯದೆ ರಸ್ತೆಗೆ ನಡೆದು, ಕಂಬದೂರಿನ ಜೀಪಿಗೆ ಕೈ ಅಡ್ಡ ಹಾಕಿದ. ಸಿಟ್ಟಿನ ಅಡಿಯಲ್ಲಿ ಒಂದು ಭಯವೂ ಕೊರೆಯುತ್ತಿತ್ತು. 'ಇನ್ನೊಂದು ಕಡೆ' ಎಂದಳಲ್ಲ, ಅದು ಎಲ್ಲಿ? ಹೊರಗೆ ಕಾಣುವ ಬೊಟ್ಟುಗಳನ್ನೆಲ್ಲ ಒರೆಸಿ ಆಗಿತ್ತು. ಕಾಣದೆ ಉಳಿದದ್ದು ಏನು?

ಎರ್ರಮ್ಮ ಮನೆಯ ಮುಂದೆ ಗಿಡದಿಂದ ಕಡಲೆಕಾಯಿ ಕೀಳುತ್ತ ಕೂತಿದ್ದಳು. ಅವನನ್ನು ಕಂಡು ಎದ್ದು ನಿಂತಳು.

"ಏನಮ್ಮ, ಬೆಳಿಗ್ಗೆ ಇನ್ನೊಂದು ಕಡೆ ತೋರಿಸ್ತೀನಿ ಅಂದ್ಯಲ್ಲ. ಅದು ಎಲ್ಲಿ?"

"ನಾನ್ಯಾವಾಗಂದೆ ಸಾಮಿ? ನಂಗೇನೂ ಗೊತ್ತಿಲ್ಲ. ನಾನೆಲ್ಲೂ ಏನೂ ಇಕ್ಕಿಲ್ಲ."

"ಎರ್ರಮ್ಮ!"

"ಇಕ್ಕಿಲ್ಲ ಅಂದ್ನಲ್ಲ ಸಾಮಿ."

ಅವನ ದನಿ ಏರಿತು. ಏರಿದಷ್ಟೂ ಅವಳ ತುಟಿ ಬಿಗಿಯಿತು. ಆಗ ಅವನಿಗೆ ಅರ್ಥವಾಯಿತು. ಬೆಳಿಗ್ಗೆ ಹೇಳಬಾರದಿತ್ತು ಎಂಬ ಪಾಠವನ್ನು ಅವಳು ಒಂದೇ ಏಟಿಗೆ ಕಲಿತುಬಿಟ್ಟಿದ್ದಳು. ಅವನು ಇಷ್ಟು ದಿನ ಹಲಗೆ ಹೊಡೆದು, ಬಿಲ್ಲೆ ಹಂಚಿ, ಗಂಟಲು ಹರಿದುಕೊಂಡು ಕಲಿಸಿದ್ದೆಲ್ಲ ಮ್ಯಾನೇಜರಿನ ಒಂದು ಬೈಗುಳಕ್ಕೆ ಮಣ್ಣುಪಾಲಾಗಿತ್ತು.

"ಹೇಳ್ದೋರ್ಗೆ ಬೈಯಾಕಿಲ್ಲ ಅಂದ್ರಿ" ಎಂದಳು ಎರ್ರಮ್ಮ, ಕೊನೆಗೆ. "ನೀವು ಬೈನಿಲ್ಲ ಬುಡಿ. ಆದ್ರೆ ಅವ್ರು ಓಡ್ಸೋವಾಗ ನೀವೆಲ್ಲಿದ್ರಿ ಸಾಮಿ?"

ಮೀಟರಿನ ಹಿಂದೆ ಅಂಗಾತ ಮಲಗಿದ್ದೆ ಎಂದು ಅವನು ಹೇಳಲಿಲ್ಲ. ಅದು ಅವಳು ಕೇಳಿದ ಮಾತಿಗೆ ಉತ್ತರವೂ ಆಗಿರಲಿಲ್ಲ. ಅವಳ ಸೆರಗಿನ ತುದಿಯಲ್ಲಿ ಹಿತ್ತಾಳೆ ಬಿಲ್ಲೆ ಇನ್ನೂ ಗಂಟು ಹಾಕಿಕೊಂಡೇ ಇತ್ತು. ಅವನು ಜೇಬಿಗೆ ಕೈ ಹಾಕಿ ತನ್ನ ಬಿಲ್ಲೆಗಳ ಗೊಂಚಲನ್ನು ತೆಗೆದು, ಅವಳ ಕಡಲೆಕಾಯಿ ರಾಶಿಯ ಮೇಲಿಟ್ಟ.

"ಇವಿಲ್ದೆ ಆ ಹಲಗೆಯಿಂದ ಒಂದು ಸ್ಪ್ಯಾನರ್ ಕೂಡ ನಾನು ತೆಗೆಯೋ ಹಾಗಿಲ್ಲ, ನಿನಗೆ ಗೊತ್ತಲ್ಲ. ನೀನು ಕೆಲಸಕ್ಕೆ ಬಂದು ಇವನ್ನ ನನ್ನ ಕೈಗೆ ಕೊಟ್ಟ ಮೇಲೇ ನನಗೆ ಕೆಲಸ. ನೀನಿಲ್ಲದ ಕಡೆ ನಾನೂ ಇಲ್ಲ. ಹೇಳೋದು ಬಿಡೋದು ನಿನಗೆ ಸೇರಿದ್ದು ಕಣಮ್ಮ."

ಎರ್ರಮ್ಮ ಬಿಲ್ಲೆಗಳನ್ನು ನೋಡಿದಳು. ಅವನ ಗ್ರೀಸು ಕೈಯನ್ನು ನೋಡಿದಳು. ಒಳಗೆ ಹೋಗಿ ಒಂದು ಚೊಂಬು ನೀರು ತಂದುಕೊಟ್ಟು, ನೆಲ ನೋಡುತ್ತ ಹೇಳಿದಳು:

"ರೆಕ್ಕೆ ಅಡೀಲಿ ಸಣ್ಣ ಪೀಪಿಯಂಗೆ ಒಂದ್ ಪೈಪ್ ಐತಲ್ಲ ಸಾಮಿ. ಚೆಂಡುಹೂವ ಎಲ್ಲೂ ನಿಲ್ದೆ ಬಿದ್ ಬಿದ್ದೋಯ್ತಿತ್ತು. ಅದ್ಕೇ ತೊಟ್ಟಿನ ಸಮೇತ ಅದ್ರಾಗೆ ಸಿಗಿಸ್ದೆ. ಇವತ್ತು ನೋಡಿದ್ರೆ ಹೂವ ಬಿದ್ದೋಗೈತೆ, ತೊಟ್ಟು ಒಳ್ಗೇ ಮುರ್ಕೊಂಡೈತೆ."

ಅದು ಪೆಟ್ರೋಲ್ ಟ್ಯಾಂಕು ಉಸಿರಾಡುವ ಕೊಳವೆ. ಗಾಳಿ ಒಳಗೆ ಬಾರದಿದ್ದರೆ ಪೆಟ್ರೋಲ್ ಕೆಳಗಿಳಿಯುವುದಿಲ್ಲ. ಎಂಜಿನ್ ಹತ್ತುತ್ತದೆ, ವಿಮಾನ ಏರುತ್ತದೆ, ಏರಿದ ಮೇಲೆ ನಿಲ್ಲುತ್ತದೆ. ತಾನು ಹತ್ತು ಸಲ ಸುತ್ತು ಹಾಕಿದರೂ ಹೊರಗಿನಿಂದ ಆ ತೊಟ್ಟು ಕಾಣುತ್ತಿರಲಿಲ್ಲ ಎನ್ನುವುದು ಅವನಿಗೆ ಗೊತ್ತಿತ್ತು.

"ನಡಿಯಮ್ಮ, ಹೋಗೋಣ."

"ನಾನ್ ಬರಾಕಿಲ್ಲ. ಓಡ್ಸಿದೋರೇ ಬಂದು ಕರೀಲಿ" ಎಂದು ಅವಳು ಮತ್ತೆ ಕಡಲೆಕಾಯಿಗೆ ಕೂತಳು. ಅವಳ ದನಿಯಲ್ಲಿ ಈಗ ಹೆದರಿಕೆ ಇರಲಿಲ್ಲ. ಸಿಟ್ಟಿತ್ತು. ಆ ಸಿಟ್ಟು ಕಂಡು ಅವನಿಗೆ ಜೀವ ಬಂದ ಹಾಗಾಯಿತು.

ಅವನು ಫೋನ್ ಮಾಡಿದ. "ಆನಂದಕುಮಾರ್, ನಿಮ್ಮ ಪೂಜೆ ಮಾಡಿದ ಕಾರಿದೆಯಲ್ಲ, ಅದನ್ನ ತಗೊಂಡು ಕಂಬದೂರಿಗೆ ಬನ್ನಿ. ಎರ್ರಮ್ಮನ್ನ ನೀವೇ ಕರೀಬೇಕು. ಬರಲಿಲ್ಲ ಅಂದ್ರೆ ಆ ವಿಮಾನಕ್ಕೆ ನನ್ನ ಸಹಿ ಇಲ್ಲ, ಇವತ್ತೂ ಇಲ್ಲ, ಎಂದಿಗೂ ಇಲ್ಲ. ಯಾಕೆ ಅಂತ ಮೀನಾ ಅಪ್ಪನಿಗೆ ನಾನೇ ಬಂದು ಹೇಳ್ತೀನಿ."

ಕಾರು ಬಂತು. ಮುಂದಿನ ಚೆಂಡುಹೂವಿನ ಹಾರ ಬಾಡಿ ಜೋತುಬಿದ್ದಿತ್ತು. ಆನಂದಕುಮಾರ್ ಇಳಿದವನೇ ಗೋಡೆ ನೋಡುತ್ತ, "ಬಾಮ್ಮ, ಕೆಲಸಕ್ಕೆ ಬಾ" ಎಂದ.

"ಗೋಡೇನ ಕರೀತಿದೀರಾ?" ಎಂದ ಆದಿನಾರಾಯಣ.

"ಎರ್ರಮ್ಮ, ಕೆಲಸಕ್ಕೆ ಬಾರಮ್ಮ. ನಾನೇ ಎಲ್ಲಾ ಕಡೆ ಇಡು ಅಂದಿದ್ದು. ತಪ್ಪಾಯ್ತು."

ಸಂಜೆ ಬಿಸಿಲು ಹ್ಯಾಂಗರಿನೊಳಗೆ ಓರೆಯಾಗಿ ಬಿದ್ದಿತ್ತು. ಎರ್ರಮ್ಮ ಬಿಲ್ಲೆಗಳ ಗೊಂಚಲನ್ನು ಎಲ್ಲರೆದುರಿಗೆ ಆದಿನಾರಾಯಣನ ಕೈಗಿಟ್ಟಳು. ಪೊರಕೆ ತೆಗೆದು, ಆ ಜಾಗದಲ್ಲಿ ತನ್ನ ಬಿಲ್ಲೆ ನೇತುಹಾಕಿದಳು. ಆಮೇಲೆ ರೆಕ್ಕೆಯ ಅಡಿ ಬಗ್ಗಿ ಬೆರಳು ತೋರಿಸಿದಳು. ನಟರಾಜ ಕೊಳವೆ ಬಿಚ್ಚಿ, ತೆಳ್ಳನೆ ಚಿಮುಟದಲ್ಲಿ ಎಳೆದ. ಹಸಿರು ಮಾಸದ ಒಂದು ಹೂವಿನ ತೊಟ್ಟು ಅವನ ಅಂಗೈ ಮೇಲೆ ಬಿತ್ತು. ಮೀನಾಳ ತಾಯಿ ಅದನ್ನು ನೋಡಿದಳು, ಎರ್ರಮ್ಮನನ್ನು ನೋಡಿದಳು, ಸೆರಗು ಬಾಯಿಗೊತ್ತಿಕೊಂಡು ಹೊರಗೆ ಹೋದಳು. ಇನ್ನು ಪರೀಕ್ಷೆ ಬಾಕಿ, ಹಾರಾಟ ನಾಳೆ.

ಎಲ್ಲರೂ ಚದುರಿದ ಮೇಲೂ ಆನಂದಕುಮಾರ್ ಕಂಬಕ್ಕೊರಗಿ ನಿಂತೇ ಇದ್ದ. ಆದಿನಾರಾಯಣ ಕೈ ತೊಳೆದುಕೊಂಡು ಬರುವವರೆಗೆ ಕಾದು, ಹತ್ತಿರ ಬಂದು, ದನಿ ತಗ್ಗಿಸಿದ.

"ಸಾರ್, ತಪ್ಪು ಹೇಳಿದೋರಿಗೆ ಬೈಯೋದಿಲ್ಲ ಅಂತೀರಲ್ಲ... ಅದು ಎಲ್ಲರಿಗೂನಾ?"

"ಎಲ್ಲರಿಗೂ. ಯಾಕೆ?"

"ನಿನ್ನೆ ಪೂಜೆ ಆದ್ಮೇಲೆ ಕಾರನ್ನ ರಿವರ್ಸ್ ತಗೊಳ್ತಾ ಇದ್ನಾ... ಆ ಹಿಂದಗಡೆ ನಿಂತಿರೋ ಇನ್ನೊಂದು ವಿಮಾನ, ಅದರ ಬಾಲದ ತುದಿಗೆ ಸ್ವಲ್ಪ... ಸ್ವಲ್ಪಾನೇ ಸಾರ್... ತಾಕ್ತು."

ಆದಿನಾರಾಯಣನ ಕಿವಿ ಕಾದು ಕೆಂಪಾದವು. ಮುದಿರೆಡ್ಡಿಪಲ್ಲಿಯಲ್ಲಿ ಹುಟ್ಟಿ ಬೆಳೆದವನು ಕನ್ನಡದಲ್ಲೂ ತೆಲುಗಿನಲ್ಲೂ ಕೂಡಿಟ್ಟುಕೊಂಡಿದ್ದ ಬೈಗುಳಗಳೆಲ್ಲ ಒಟ್ಟಿಗೆ ನಾಲಿಗೆಯ ತುದಿಗೆ ನುಗ್ಗಿದವು. ಬಾಯಿಯನ್ನೂ ತೆರೆದ. ಅಷ್ಟರಲ್ಲಿ ಪೊರಕೆಯ ಸದ್ದು ನಿಂತದ್ದು ಕೇಳಿಸಿತು. ಎರ್ರಮ್ಮ ಗುಡಿಸುವುದನ್ನು ನಿಲ್ಲಿಸಿ ನೋಡುತ್ತಿದ್ದಳು. ಅವಳು ನೋಡುತ್ತಿದ್ದದ್ದು ಮ್ಯಾನೇಜರನ್ನಲ್ಲ, ಅವನನ್ನು.

ಬಿಸಿ ಮುದ್ದೆ ಗಂಟಲಲ್ಲಿ ಸಿಕ್ಕಿಕೊಂಡವನ ಹಾಗೆ ಆದಿನಾರಾಯಣ ಒಂದು ಸಲ ಕಣ್ಣು ಮುಚ್ಚಿ ನುಂಗಿದ.

"ಹೇಳಿದ್ದು ಒಳ್ಳೇದಾಯ್ತು" ಎಂದ, ಹಲ್ಲುಗಳ ನಡುವಿನಿಂದ. ಹಲಗೆಯ ಹತ್ತಿರ ಹೋಗಿ ತನ್ನ ಬಿಲ್ಲೆಯೊಂದನ್ನು ನೇತುಹಾಕಿ ಟಾರ್ಚ್ ತೆಗೆದುಕೊಂಡ. "ಬನ್ನಿ, ಎಲ್ಲಿ ತಾಕ್ತು ತೋರಿಸಿ."

ಹಿಂದೆ ಪೊರಕೆಯ ಸದ್ದು ಮತ್ತೆ ಶುರುವಾಯಿತು.